ನಗದವರ ಹಾಜರಿ

"ದಯವಿಟ್ಟು ಮುಗುಳ್ನಗಿ," ಎಂದು ಹಾಜರಿ ಯಂತ್ರ ಎರಡನೇ ಸಲ ಹೇಳಿದಾಗಲೂ ಕವನಾ ನಗಲಿಲ್ಲ. ಅವಳ ಅಪ್ಪ ಶಾಂತರಾಜು ತೀರಿಕೊಂಡು ಇನ್ನೂ ಹದಿನೈದು ದಿನ ಆಗಿರಲಿಲ್ಲ; ಅವಳು ಕೆಲಸಕ್ಕೆ ಮರಳಿದ್ದು ಇವತ್ತೇ. ಪರದೆಯ ಮೇಲೆ ಅವಳ ಮುಖದ ಸುತ್ತ ಕೆಂಪು ಗೆರೆ ಮೂಡಿತು. ಹಿಂದೆ ಅರವತ್ತು ಹೆಂಗಸರು, ನೆಲಕ್ಕೆ ಬಳಿದ ಹಳದಿ ವೃತ್ತಗಳೊಳಗೆ ಒಬ್ಬೊಬ್ಬರೇ ನಿಂತು, ಮುಖಕ್ಕೆ ನಗು ತಂದುಕೊಳ್ಳುತ್ತಿದ್ದರು.

ಹಾಸನದ ಹೊರಗಿನ ಆ ಗಾರ್ಮೆಂಟ್ಸ್‌ನಲ್ಲಿ ನಗದಿದ್ದರೆ ಬಾಗಿಲು ತೆರೆಯುವುದಿಲ್ಲ. ನಗುವವಳ ಹೊಲಿಗೆ ನೇರವಾಗಿ ಬರುತ್ತದೆ ಎಂದು ಯಾವ ಪುಣ್ಯಾತ್ಮ ಕಂಡುಹಿಡಿದನೋ, ಒಂದು ವರ್ಷದಿಂದ ಇದೇ ಕಾನೂನು. ಒಳಗೆ ಹೋದರೆ ಕಿವಿಗೆ ಹೆಡ್‌ಫೋನ್. ಪಕ್ಕದವಳ ಜೊತೆ ಮಾತಾಡಿದರೆ ತಲೆಯ ಮೇಲೆ ಕೆಂಪು ದೀಪ. ಶಾಂತರಾಜು ಸತ್ತ ದಿನ ಯಾರಿಗೂ ರಜೆ ಸಿಗಲಿಲ್ಲ. ವಾಟ್ಸಪ್ ಗ್ರೂಪಿನಲ್ಲಿ ಅರವತ್ತು ಜನ ಕೈಮುಗಿದ ಚಿತ್ರ ಹಾಕಿದರು, ಅವಳ ಊರು ಹಳೇಕೋಟೆಗೆ ಒಬ್ಬರೂ ಹೋಗಲಿಲ್ಲ. ಕವನಾ ಆ ಅರವತ್ತು ಜೋಡಿ ಕೈಗಳನ್ನು ಫೋನಿನಲ್ಲಿ ನೋಡುತ್ತ ಒಬ್ಬಳೇ ಕೂತಿದ್ದಳು. ಅಳುವೂ ಬಂದಿರಲಿಲ್ಲ.

"ಇದು ಕೊನೇ ಚಾನ್ಸ್ ಕಣಮ್ಮ," ಎಂದ ಎಚ್‌ಆರ್ ಹರ್ಷವರ್ಧನ್. "ನಿನ್ನ ರಜೆ ಎಲ್ಲ ಮುಗಿದಿದೆ. ಮೂರನೇ ಸಲನೂ ಕೆಂಪು ಬಂದರೆ ಆಬ್ಸೆಂಟ್. ಆಬ್ಸೆಂಟ್ ಆದರೆ ಸಿಸ್ಟಮ್ಮೇ ನಿನ್ನ ಕೆಲಸದಿಂದ ತೆಗೆದುಹಾಕುತ್ತೆ. ನನ್ನ ಕೈಯಲ್ಲಿ ಏನೂ ಇಲ್ಲ. ಎರಡು ಸೆಕೆಂಡ್ ಹಲ್ಲು ತೋರಿಸು, ಸಾಕು." ಕೆಟ್ಟ ಹುಡುಗನೇನಲ್ಲ. ಆದರೆ ಒಳ್ಳೆಯ ಕೆಲಸಕ್ಕೂ ಸಿಸ್ಟಮ್ಮಿನ ಅಪ್ಪಣೆ ಬೇಕು ಎಂದು ನಂಬಿದವನು.

"ನಗು ಬರಾಕಿಲ್ಲ ಅಂತ ಅಲ್ಲ ಸಾ," ಎಂದಳು ಕವನಾ. "ನಾನು ನಗಾಕಿಲ್ಲ."

ಐದನೇ ವೃತ್ತದಲ್ಲಿದ್ದ ಹಳ್ಳಿಮೈಸೂರಿನ ಬೆಟ್ಟಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಸಾವಾದ ಮನೆಯವರನ್ನು ಮೊದಲ ಸಲ ಕಂಡಾಗ ತಬ್ಬಿಕೊಂಡು ಅಳಬೇಕು, ಮಾತೇನಿದ್ದರೂ ಆಮೇಲೆ. ಇದು ಅವರೆಲ್ಲರೂ ಹುಟ್ಟಿನಿಂದ ಬಲ್ಲ ರೀತಿ. ಅವಳು ಹಳದಿ ಗೆರೆ ದಾಟಿ ಬಂದು ಕವನಾಳ ಕೊರಳು ತಬ್ಬಿ, "ನಿಮ್ಮಪ್ಪನ್ನ ಎಂಗ್ ಕಳ್ಕಂಡ್ಯವ್ವಾ!" ಎಂದು ದನಿ ತೆಗೆದಳು. ಹದಿನಾಲ್ಕು ದಿನ ಬಿಗಿದುಕೊಂಡಿದ್ದ ಹುಡುಗಿ ಅವಳ ಹೆಗಲಿಗೆ ಮುಖ ಒತ್ತಿ ಹೋ ಎಂದು ಅತ್ತಳು.

"ಏನಮ್ಮ ಇದು! ನಿಮ್ಮ ಹಾಜರಿನೂ ಹೋಗುತ್ತೆ!" ಎಂದ ಹರ್ಷವರ್ಧನ್.

"ಓಗ್ಲಿ ಬುಡಿ ಸಾ. ನನ್ ಗಂಡ ಸತ್ತ ನಾಕ್ನೇ ದಿನ ಇದೇ ಮಿಷಿನ್ ಮುಂದೆ ನಿಂತ್ಕಂಡು ಅಲ್ಲು ಕಿರ್ದಿವ್ನಿ. ಅವತ್ತಿನ ಅಳು ಇವತ್ಗೂ ಒಳ್ಗೇ ಐತೆ."

ಆ ಮಾತು ಸಾಲಿನ ಕೊನೆಯವರೆಗೂ ಕೇಳಿಸಿತು. ಮೊದಲು ಧನಲಕ್ಷ್ಮಿ ವೃತ್ತ ಬಿಟ್ಟು ಬಂದಳು. ಅವಳ ಹಿಂದೆ ಇಬ್ಬರು, ಆಮೇಲೆ ಎಲ್ಲರೂ. ಕವನಾಳಿಗಾಗಿ ಅಳಲು ಬಂದವರು ತಬ್ಬಿದ ಮೇಲೆ ತಮ್ಮ ತಮ್ಮವರಿಗಾಗಿ ಅತ್ತರು. ವರ್ಷವಿಡೀ ಪಕ್ಕಪಕ್ಕದಲ್ಲಿ ಕೂತು ಹೊಲಿದವರಿಗೆ ಯಾರ ಮನೆಯಲ್ಲಿ ಯಾರು ಸತ್ತರು ಎಂಬುದು ಆ ಬಾಗಿಲ ಮುಂದೆ ತಿಳಿಯಿತು. ಯಂತ್ರ ಮಾತ್ರ ಸಿಕ್ಕಿದ ಮುಖಕ್ಕೆಲ್ಲ ಮುಗುಳ್ನಗಿ ಮುಗುಳ್ನಗಿ ಎಂದು ಗೋಗರೆಯುತ್ತಿತ್ತು. ಒಬ್ಬರೂ ಅದರ ಕಡೆ ತಿರುಗಿ ನೋಡಲಿಲ್ಲ.

"ಅಯ್ಯೋ, ಇಷ್ಟೇ ಕಣ್ರಮ್ಮ, ನೋಡಿ!" ಎಂದು ಹರ್ಷವರ್ಧನ್ ತಾನೇ ಯಂತ್ರದ ಮುಂದೆ ನಿಂತು ಹಲ್ಲು ಬಿಟ್ಟ. ಹಸಿರು ದೀಪ ಹತ್ತಿತು. ಬಾಗಿಲು ಅವನನ್ನು ಒಳಗೆ ಬಿಟ್ಟುಕೊಂಡು ಮುಚ್ಚಿತು. ಅಷ್ಟು ದೊಡ್ಡ ಶೆಡ್ಡಿನಲ್ಲಿ ಹೊಲಿಗೆ ಯಂತ್ರಗಳ ನಡುವೆ ಅವನೊಬ್ಬನೇ ನಿಂತ. ಹೊರಗೆ ಅಳು ಇಳಿದು ಮಾತು ಶುರುವಾಗಿತ್ತು. ಯಾರೋ ಕವನಾಳಿಗೆ ನೀರು ಕುಡಿಸುತ್ತಿದ್ದದ್ದು ಬಾಗಿಲ ಗಾಜಿನಾಚೆ ಕಂಡಿತು. ಹುಡುಗನಿಗೆ ಎಂದೂ ಇಲ್ಲದ ಹೊಟ್ಟೆಕಿಚ್ಚಾಯಿತು. ತನ್ನ ನಗುವಿನ ಬಗ್ಗೆ ನಾಚಿಕೆಯೂ ಆಯಿತು. ಸಂಜೆಯೊಳಗೆ ಲಾರಿ ತುಂಬಬೇಕಾಗಿದ್ದ ಅಂಗಿಗಳು ನೆನಪಾಗಿ ಭಯವಾದದ್ದು ಆಮೇಲೆ.

ಅವನು ಹಿಂದಿನ ಲಾರಿ ಗೇಟಿನ ಬೀಗ ತೆಗೆದು, ಒಂದು ಉದ್ದನೆಯ ನೋಟ್‌ಬುಕ್ ಹಿಡಿದುಕೊಂಡು ಹೊರಗೆ ಬಂದ. "ಎಲ್ಲರೂ ಈ ಕಡೆಯಿಂದ ಬನ್ನಿ. ಹಾಜರಿ ನಾನೇ ಬರ್ಕೋತೀನಿ. ಯಾರೂ ನಗೋದು ಬೇಡ."

"ಇವತ್ತಿಗೆ ಮಾತ್ರನೋ, ನಾಳೀಕೂನೋ?" ಎಂದು ಧನಲಕ್ಷ್ಮಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೇಳಿದಳು. ಯಾರೂ ಹೆಜ್ಜೆ ಎತ್ತಲಿಲ್ಲ.

ಹರ್ಷವರ್ಧನ್ ಅರವತ್ತೊಂದು ಅತ್ತ ಮುಖಗಳನ್ನು ನೋಡಿದ. "ನಾಳೆಗೂ," ಎಂದ. "ಇನ್ನು ಯಾವತ್ತಿಗೂ."

ಹೆಂಗಸರು ಹೆಗಲ ಮೇಲೆ ಕೈ ಹಾಕಿಕೊಂಡು, ಮದುವೆ ದಿಬ್ಬಣದ ಹಾಗೆ ಗದ್ದಲ ಮಾಡುತ್ತ ಲಾರಿ ಗೇಟಿನಿಂದ ಒಳಗೆ ಬಂದರು. ಎಲ್ಲರಿಗಿಂತ ಮುಂದೆ ಕವನಾ. ದಿನಾ ಪರದೆಯ ಮೇಲೆ ಅವಳ ನಂಬರನ್ನಷ್ಟೇ ನೋಡುತ್ತಿದ್ದ ಹರ್ಷವರ್ಧನ್ ಪೆನ್ನು ಹಿಡಿದು ತಡವರಿಸಿದ. "ಹೆಸರು ಏನಮ್ಮ?"

"ಶಾಂತರಾಜು," ಎಂದಳು ಅವಳು. "ನಮ್ಮಪ್ಪ. ಮೊದ್ಲು ಅವರದ್ ಬರ್ಕಳಿ ಸಾ. ಪಕ್ಕದಾಗೆ ಕವನಾ ಅಂತ ಆಕಿ."

ಅವನು ಬರೆದುಕೊಂಡ.

"ನಂದೂ ಅಂಗೇ," ಎಂದಳು ಬೆಟ್ಟಮ್ಮ. "ಮೊದ್ಲು ಚಂದ್ರಯ್ಯ. ಪಕ್ಕದಲ್ಲಿ ನಾನು." ಧನಲಕ್ಷ್ಮಿ ತನ್ನ ತಾಯಿಯ ಹೆಸರು ಹೇಳಿದಳು. ಅವಳ ಹಿಂದಿನವಳು ಹೆಸರಿಡುವ ಮೊದಲೇ ಹೋದ ಕೂಸಿಗೆ ಆಗಲೇ, ಅಲ್ಲೇ, ಒಂದು ಹೆಸರಿಟ್ಟು ಬರೆಸಿದಳು.

ಅರ್ಧ ಗಂಟೆಯಲ್ಲಿ ಶೆಡ್ಡಿನ ತುಂಬ ಹೊಲಿಗೆಯ ಸದ್ದು, ಅದಕ್ಕೂ ಮೇಲೆ ಮಾತಿನ ಸದ್ದು. ಹೆಡ್ಡಾಫೀಸಿನವರು ಫೋನಿನಲ್ಲಿ ಕಿರುಚುತ್ತಿದ್ದರು: "ಇಲ್ಲಿ ಒಬ್ಬನದೇ ಮುಖ ತೋರಿಸ್ತಿದೆ ಕಣ್ರೀ! ಅರವತ್ತೊಂದರಲ್ಲಿ ಎಷ್ಟು ಜನ ಬಂದಿದ್ದಾರೆ?"

ಹರ್ಷವರ್ಧನ್ ನೋಟ್‌ಬುಕ್ಕಿನ ಮೇಲೆ ಬೆರಳಾಡಿಸಿ ಎಣಿಸಿದ.

"ನೂರು ದಾಟಿದ್ದಾರೆ ಸಾರ್," ಎಂದ.