ಹನ್ನೆರಡಕ್ಕೆ ಹದಿನೇಳರ ಡಬ್ಬ

"ಕೈ ಮೇಲೆತ್ತು!" ಎಂದ ಸಾರ್ಜೆಂಟ್ ತೆರೆಂತಿ.

ಎದುರಿಗಿದ್ದವನ ಭುಜದ ಮೇಲೆ ಮೇಜರನ ಪಟ್ಟಿ. ಹೆಸರು ಲ್ಯಾಡೋವ್ ಅಂತೆ. ಜೀಪಿಗೆ ಶೆಲ್ ಬಿದ್ದು ಕಾಗದಪತ್ರವೆಲ್ಲ ಸುಟ್ಟುಹೋಯಿತಂತೆ. ನಮ್ಮ ರಷ್ಯನ್ ಸಮವಸ್ತ್ರ ತೊಟ್ಟ ಜರ್ಮನ್ ಗೂಢಚಾರರು ಆ ವಾರವೇ ಇಬ್ಬರು ಸಿಕ್ಕಿದ್ದರು. ಇಬ್ಬರಿಗೂ ಅಲ್ಲೇ ಗುಂಡು.

ಅರ್ಧ ಗಂಟೆ ತೆರೆಂತಿ ಸಹಿಸಿದ್ದ. ಬಂದವನದು ಬಂದಾಗಿನಿಂದ ಬೈಗುಳವೇ: ಹಂದಿಗೂಡಿನಂಥ ಕಂದಕ, ಕ್ಷೌರ ಕಾಣದ ಮುಸುಡಿಗಳು. ಕಡೆಗೆ ಮುದುಕ ಪ್ರೋಖೋರನ ಬಂದೂಕು ಕಿತ್ತುಕೊಂಡ. ಅದರ ಮೇಲೆ ಬಣ್ಣದಲ್ಲಿ ಹನ್ನೆರಡು ಎಂದು ಬರೆದಿತ್ತು. ಪಕ್ಕದಲ್ಲಿದ್ದ ಹದಿನೇಳನೆಯ ನಂಬರಿನ ಗುಂಡಿನ ಡಬ್ಬವನ್ನು ಅದಕ್ಕೆ ತುರುಕಿದ.

"ಅಯ್ಯೋ, ಅದು ಇದರದ್ದಲ್ಲ ಸಾಹೇಬ್ರೇ!" ಎಂದ ಪ್ರೋಖೋರ್.

"ಥೂ! ದನಕ್ಕೆ ನಂಬರು ಹಾಕ್ದಂಗೆ ಹಾಕಿದ್ದೀರಲ್ಲೋ ದಡ್ಡರಾ! ಎಲ್ಲಾ ಒಂದೇ ಅಚ್ಚು. ಯಾವ್ದಕ್ಕೆ ಯಾವ್ದಾದ್ರೂ ಕೂರುತ್ತೆ!"

ಕೂರುವುದಿಲ್ಲ. ಅಚ್ಚು ಒಂದೇ ಆದರೂ ಒಂದೊಂದು ಡಬ್ಬವನ್ನೂ ಅದರದರ ಬಂದೂಕಿಗೇ ಅರ ಹಾಕಿ ಉಜ್ಜಿ ಹೊಂದಿಸಬೇಕು. ಇಲ್ಲದಿದ್ದರೆ ಎರಡು ಗುಂಡು ಹಾರಿ ಮೂರನೆಯದು ಒಳಗೇ ಸಿಕ್ಕಿಕೊಳ್ಳುತ್ತದೆ. ಮುಂಚೂಣಿಯಲ್ಲಿ ಇದು ಅಡಿಗೆಯವನಿಗೂ ಗೊತ್ತು. ಹೋದ ಗುರುವಾರ ತೆರೆಂತಿಯ ಸ್ವಂತ ತಮ್ಮ ಸತ್ತದ್ದೂ ಹೀಗೆಯೇ. ಕಾರ್ಖಾನೆಯಿಂದ ಆಗತಾನೇ ಬಂದ ಬಂದೂಕು, ಆಗತಾನೇ ಬಂದ ಡಬ್ಬ; ಜರ್ಮನರು ಎದುರಿಗಿದ್ದಾಗ ಮೂರನೆಯ ಗುಂಡು ಹಾರಲೇ ಇಲ್ಲ.

"ನಾವು ಈ ಬಂದೂಕನ್ನ 'ಅಪ್ಪ' ಅಂತ ಕರೀತೀವಿ ಕಣೋ," ಎಂದ ತೆರೆಂತಿ. "ಅಪ್ಪನ ಗುರುತೇ ಇಲ್ಲದ ಮಗ ನೀನ್ಯಾವನು? ಇಲ್ಲಿಗ್ಯಾಕೆ ಬಂದೆ?"

"ಅದು ಸರ್ಕಾರದ ಗುಟ್ಟು. ನಿನ್ನಂಥೋನಿಗೆ ಹೇಳೋದಲ್ಲ."

"ಸರಿ, ಹೇಳ್ಬೇಡ. ಪ್ರೋಖೋರ್, ಇವನನ್ನ ಆ ಮರಕ್ಕೆ ಒರಗಿಸು."

ಮೇಜರನ ಜಂಬ ಜರ್ರನೆ ಇಳಿಯಿತು. "ಬೇಡ ಕಣಪ್ಪಾ! ಮನೇಲಿ ಇಬ್ರು ಹೆಣ್ಮಕ್ಕಳಿದ್ದಾರೆ! ಫೋನ್ ಮಾಡಿ ಕೇಳು, ನಿನ್ನ ದಮ್ಮಯ್ಯ!"

ತೆರೆಂತಿ ಅವನ ಕಾಲ ಬಳಿ ಉಗಿದು, ಬಂದೂಕು ಇಳಿಸದೆಯೇ ಫೋನಿನ ಹಿಡಿ ತಿರುಗಿಸಿದ. ಬೆಟಾಲಿಯನ್ನಿನಿಂದ ಕ್ಯಾಪ್ಟನ್ನೇ ಮಾತಾಡಿದ.

"ಲ್ಯಾಡೋವಾ? ನಮ್ಮವನೇ. ಬಿಟ್ಬಿಡು."

"ಯಾವ ಡಬ್ಬ ಯಾವ್ದಕ್ಕೆ ಕೂರುತ್ತೆ ಅಂತಾನೇ ಗೊತ್ತಿಲ್ಲ ಇವನಿಗೆ! ನಮ್ಮವನು ಹೇಗಾಗ್ತಾನೆ ಸ್ವಾಮೀ?"

"ಅಯ್ಯೋ ಮಾರಾಯ, ಕಾರ್ಖಾನೇಲಿ ಆ ಡಬ್ಬಗಳನ್ನ ಪರೀಕ್ಷೆ ಮಾಡಿ ನಿಮಗೆ ಕಳಿಸೋನೇ ಅವನು."