ನೂರಾ ಇಪ್ಪತ್ತನೆಯವನು

ಒಬ್ಬ ಕಡಿಮೆಯಿದ್ದ.

ಏಕಾಂತಪ್ಪ ಮೂರನೇ ಸಲ ಎಣಿಸಿದ. ನೂರಾ ಹತ್ತೊಂಬತ್ತು. ಕಾಣೆಯಾದವನು ಯಾರೆಂದು ಅವನಿಗೆ ಗೊತ್ತಿತ್ತು. ಕದ್ದವನು ಯಾರೆಂದೂ ಗೊತ್ತಿತ್ತು. ಆ ಕಳ್ಳ ಈಗ ಹಿರಿಯೂರಿನಲ್ಲಿ ಹೊಸದುರ್ಗದ ಬಸ್ಸು ಹತ್ತಿ ಕೂತಿದ್ದ.

ಹೆಬ್ಬೆರಳುದ್ದದ ಹಿತ್ತಾಳೆ ಸಿಪಾಯಿಗಳು ಪಡಸಾಲೆಯ ತುಂಬ ಮಲಗಿದ್ದರು. ನಲವತ್ತು ವರ್ಷದ ಹಿಂದೆ ಏಕಾಂತಪ್ಪನೂ ಗೆಳೆಯ ಕಾಟಲಿಂಗಪ್ಪನೂ ಹಳೇ ಚೊಂಬು ಕರಗಿಸಿ ಎರಕ ಹೊಯ್ಯಿಸಿದ ದಂಡು ಅದು. ಕೋಟೆಯವರು ಅರವತ್ತು, ಮುತ್ತಿಗೆಯವರು ಅರವತ್ತು. ಕಟ್ಟಳೆಗಳೂ ಅವರೇ ಬರೆದವು. ಕವಡೆ ಬಿದ್ದಷ್ಟು ಗೇಣು ನಡೆ. ಸರದಾರನಿಲ್ಲದ ದಂಡು ಸೋತಂತೆ. ಸೆರೆಸಿಕ್ಕ ಸರದಾರ ಮುಂದಿನ ಕಾಳಗದವರೆಗೆ ಗೆದ್ದವನ ಮನೆಯಲ್ಲಿ.

ಅದೇ ವರ್ಷ, ಕೊನೆಯ ಕಾಳಗದ ನಡುವೆ ಇಬ್ಬರೂ ಉಂಡು ಬರುವಷ್ಟರಲ್ಲಿ ಏಕಾಂತಪ್ಪನ ಸರದಾರ, ಎಡಗಿವಿ ಮುರಿದ ಕುದುರೆಯ ಸಮೇತ, ಮಾಯವಾಗಿದ್ದ. "ಕದ್ದು ಗೆದ್ಯೇನಲೇ, ಕಳ್ಳ" ಎಂದುಬಿಟ್ಟ ಏಕಾಂತಪ್ಪ. ಕಾಟಲಿಂಗಪ್ಪ ಚಪ್ಪಲಿ ಮೆಟ್ಟಿ ಹೊರಟವನು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಕಳೆದ ತಿಂಗಳು ಅಟ್ಟದಿಂದ ಸಿಪಾಯಿಗಳ ಪೆಟ್ಟಿಗೆ ಇಳಿಯಿತು. ಏಕಾಂತಪ್ಪನ ಜೀವ ತಡೆಯಲಿಲ್ಲ. ಕಾಟಲಿಂಗಪ್ಪನಿಗೆ ಫೋನು ಮಾಡಿದ.

"ಬರ್ತೀನಿ. ಆದ್ರೆ ಕಳ್ಳ ಅಂದ ಮಾತು ವಾಪಸ್ ತಗಾಬೇಕು."

"ಕುದ್ರೆ ಸಿಗ್ಲಿ, ತಗಂತೀನಿ."

"ತಗಾಣ್ಲಿಲ್ಲ ಅಂದ್ರೆ ಬಂದ ಬಸ್ಸಿಗೇ ಹೋಗ್ತೀನಪ್ಪ. ಆಮೇಲೆ ನೀನು ಸತ್ರೂ ಬರಲ್ಲ."

ಅಂದಿನಿಂದ ಅರವತ್ತಮೂರರ ಏಕಾಂತಪ್ಪನಿಗೆ ಹುಡುಗುಬುದ್ಧಿ ಮರಳಿತ್ತು. ಬಾಗಿದ ಕತ್ತಿ ನೆಟ್ಟಗೆ ಮಾಡಿದ. ಹುಳು ತಿಂದ ಕಟ್ಟಳೆಗಳನ್ನು ಹೊಸ ನೋಟ್‌ಬುಕ್ಕಿಗೆ ಇಳಿಸಿದ. ಕಾಟಲಿಂಗಪ್ಪನ ಒಂದು ಗೇಣೆಂದರೆ ಊರವರ ಮೊಳ. ಹಾಗಾಗಿ ಗೇಣು ಹೊಡೆದು ಹಾಕಿ ಸ್ಕೇಲು ಎಂದು ಬರೆದ. ಮಂಚದ ಮೇಲೆ ರಾಗಿ ಸುರಿದು ದುರ್ಗದ ಬೆಟ್ಟ ಎಬ್ಬಿಸಿದ. ಇವತ್ತು ಬೆಳಗ್ಗೆ ಇಡೀ ದಂಡಿಗೆ ಹುಣಸೆ ನೀರಿನ ಸ್ನಾನ.

"ಇದ್ದ ಹುಣಸೆಹಣ್ಣೆಲ್ಲ ಸಿಪಾಯಿಗಳಿಗೇ ಆತು. ಸಾರಿಗೆ ಏನು ಹಿಂಡ್ಲಿ, ನಿಮ್ಮ ತಲೆನಾ?" ಎಂದಳು ಹೆಂಡತಿ ಮರುಳಸಿದ್ದಮ್ಮ. "ಆ ನೀರು ಚೆಲ್ಬ್ಯಾಡ್ರಿ. ಮನೆಗೆ ನೆಂಟ್ರು ಬರೋ ದಿನ, ನಂದೂ ತೊಳೆಯೋದು ಐತೆ."

ಸಿಪಾಯಿಗಳನ್ನು ಟವೆಲ್ಲಿನ ಮೇಲೆ ಒಣಗಲು ಹರವಿ ಏಕಾಂತಪ್ಪ ದೇವರ ಜಗಲಿಗೆ ಹೋದ. ಅವ್ವನ ಕಾಲದಲ್ಲಿ ತಾನಾಗಿ ಒಲಿದು ಬಂದ ಮೈಲಾರಲಿಂಗ ಅಲ್ಲಿದ್ದ. ಬಳಿದ ಭಂಡಾರದ ಮೇಲೆ ಭಂಡಾರ ಕೂತು, ಮೂಗು ಮೋರೆ ಒಂದೂ ಕಾಣದ ಅರಿಶಿನದ ಮುದ್ದೆ.

"ತಂದೇ, ಕುದ್ರೆ ತೋರ್ಸು. ಕಾಯಿ ಒಡಿತೀನಿ."

ನಲವತ್ತು ವರ್ಷ, ದಿನಾ ಬೆಳಗ್ಗೆ ಇದೇ ಬೇಡಿಕೆ. ಏಕಾಂತಪ್ಪ ಬಸ್‌ಸ್ಟ್ಯಾಂಡಿಗೆ ನಡೆದ.

ಕಾಟಲಿಂಗಪ್ಪ ಇಳಿದ. ತಲೆ ನೆರೆತಿತ್ತು, ಸಿಟ್ಟು ನೆರೆತಿರಲಿಲ್ಲ. ದಾರಿಯುದ್ದ ಒಬ್ಬ ರಸ್ತೆಯ ಈ ಬದಿ, ಒಬ್ಬ ಆ ಬದಿ ನಡೆದರು.

"ಬರ್ರಿ ಅಣ್ಣಾರೆ, ಕುಂತ್ಕಳ್ರಿ" ಎಂದು ಮರುಳಸಿದ್ದಮ್ಮ ಒಳಗಿಂದಲೇ ಕೂಗಿದಳು. ಏಕಾಂತಪ್ಪ ನೀರು ತರಲು ಹೋದ. ಬಂದು ನೋಡಿದರೆ ಕಾಟಲಿಂಗಪ್ಪ ಟವೆಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ. ಸಿಪಾಯಿಗಳ ಸಾಲಿನ ತುದಿಯಲ್ಲಿ, ಎತ್ತಿದ ಕತ್ತಿ, ಮುರಿದ ಎಡಗಿವಿ, ಫಳಫಳ ಹೊಳೆಯುತ್ತ ಸರದಾರ.

ಏಕಾಂತಪ್ಪ ಲೋಟ ಕೆಳಗಿಟ್ಟ. ಜೇಬಿನಲ್ಲಿ ತಂದು ಮೆಲ್ಲಗೆ ಇಟ್ಟನಲ್ಲ, ಪುಣ್ಯಾತ್ಮ, ಎಂದುಕೊಂಡ. ಕದ್ದದ್ದಕ್ಕಿಂತ ತಿರುಗಿ ತರುವುದು ದೊಡ್ಡದು.

"ಕಾಟಾ, ಕಳ್ಳ ಅಂದಿದ್ದು ತಪ್ಪಾತು ಕಣಲೇ."

ಕಾಟಲಿಂಗಪ್ಪ ಒಮ್ಮೆ ಕುದುರೆಯನ್ನು, ಒಮ್ಮೆ ಗೆಳೆಯನನ್ನು ನೋಡಿದ. "ಹೋಗ್ಲಿ ಬಿಡು. ಇಷ್ಟು ದಿನ ಎಲ್ಲಿತ್ತು ಅಂತ ನಾನು ಕೇಳಲ್ಲ."

"ನಾನೂ ಕೇಳಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ಕ್ಷಮಿಸಿ ಹಗುರಾದರು. ಆಮೇಲೆ ಮಂಚದ ಮೇಲೆ ಕವಡೆ ಉರುಳಿದವು. ರಾಗಿಬೆಟ್ಟ ಎರಡು ಸಲ ಕುಸಿಯಿತು. ಸ್ಕೇಲಿಗಾಗಿ ಇಬ್ಬರೂ ಕಿತ್ತಾಡಿದರು. ನಕ್ಕು ನಕ್ಕು ಕಾಟಲಿಂಗಪ್ಪನ ಕಟ್ಟಿಸಿದ ಹಲ್ಲು ಕೋಟೆಯೊಳಗೆ ಬಿತ್ತು; ಅದನ್ನೂ ಸೆರೆಹಿಡಿದದ್ದಾಯಿತು. ಸಂಜೆ ಐದಕ್ಕೆ ಏಕಾಂತಪ್ಪನ ಸರದಾರ ನಾಲ್ಕೂ ಕಡೆಯಿಂದ ಸಿಕ್ಕಿಬಿದ್ದ.

"ಕಟ್ಟಳೆ ಅಂದ್ರೆ ಕಟ್ಟಳೆ" ಎಂದು ಕಾಟಲಿಂಗಪ್ಪ ಕುದುರೆಯನ್ನು ಜೇಬಿಗಿಳಿಸಿದ. "ಮುಂದಿನ ತಿಂಗಳು ಹಿರಿಯೂರಿಗೆ ಬಂದು ಬಿಡಿಸ್ಕಂಡು ಹೋಗು, ತಾಕತ್ತಿದ್ರೆ."

ಸೋತ ಏಕಾಂತಪ್ಪ ಗೆದ್ದವನಂತೆ ಬೀಗುತ್ತ ಬಸ್ಸು ಹತ್ತಿಸಿ ಬಂದ. ಹರಕೆ ನೆನಪಾಗಿ, ತೆಂಗಿನಕಾಯಿ ಹಿಡಿದು ಜಗಲಿಯ ಮುಂದೆ ನಿಂತ. ಮರುಳಸಿದ್ದಮ್ಮ ದೀಪಕ್ಕೆ ಎಣ್ಣೆ ಹಾಕುತ್ತ ತಿರುಗಿದಳು.

"ಏನ್ರಿ, ನೆಂಟ್ರು ಬರ್ತಾರಂತ ನಿಮ್ಮ ಹುಣಸೆ ನೀರಾಗೆ ನಮ್ಮ ಮೈಲಾರಲಿಂಗನ್ನೂ ತೊಳ್ದು ಟವೆಲ್ ಮ್ಯಾಲೆ ಇಟ್ಟಿದ್ದೆ, ಭಂಡಾರ ಬಿಟ್ಟ ಮ್ಯಾಲೆ ಕುದ್ರೆ ಮ್ಯಾಲೆ ಎಷ್ಟು ಚೆಂದ ಕಾಣ್ತಿದ್ದ — ಎಲ್ಲಿಟ್ರಿ?"