ಬಲಗಾಲಿಗೆ ಆಯುಧಪೂಜೆ

"ತತ್ತಾರ್ಲಾ ಇತ್ಲಾಗೆ ಆ ಕಾಲ್ನ!" ಎಂದು ವಠಾರದ ಒಡತಿ ಅಶ್ವತ್ಥಮ್ಮ ಕೂಗಿದಾಗ ಬಸಲಿಂಗ ವಾಕರ್ ಹಿಡಿದು ತನ್ನ ರೂಮಿನ ಬಾಗಿಲಲ್ಲಿ ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತಿದ್ದ. ಬೊಮ್ಮಸಂದ್ರದ ಆ ವಠಾರದಲ್ಲಿ ಅಂದು ಆಯುಧಪೂಜೆ. ಬಾಡಿಗೆಯವರ ಬೈಕುಗಳು, ಅಶ್ವತ್ಥಮ್ಮನ ಮಗ ಲೋಕೇಶನ ನೀರಿನ ಟ್ಯಾಂಕರು, ಕೊನೆಗೆ ಹಿಟ್ಟು ರುಬ್ಬುವ ಗ್ರೈಂಡರು ಕೂಡ ಮೈ ತೊಳೆದುಕೊಂಡು, ಚೆಂಡುಹೂ ಮುಡಿದು ಮದುವಣಗಿತ್ತಿಯರಂತೆ ಸಾಲಾಗಿ ನಿಂತಿದ್ದವು. ಅಶ್ವತ್ಥಮ್ಮ ಅವನ್ನೆಲ್ಲ ದಾಟಿ, ಪೂಜೆಯ ತಟ್ಟೆ ಸಮೇತ ಬಸಲಿಂಗನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಳು.

"ನನ್ನ ಕಾಲಿಗ್ಯಾಕ್ರಿ ಅಮ್ಮಾರ ಪೂಜಿ? ನೀವ್ ಹಿರೇರು, ಮುಟ್ಟಬ್ಯಾಡ್ರಿ."

"ನಿನ್ ಕಾಲಿಗ್ಯಾಕ್ಲಾ ಮಾಡಾನಾ? ಒಳ್ಗೆ ಕಬ್ಬಿಣ ಐತಲ್ಲಾ, ಅದ್ಕೆ. ಕಬ್ಬಿಣ ಇರಾದಕ್ಕೆಲ್ಲಾ ಇವತ್ತು ಪೂಜೆ. ಗ್ರೈಂಡರ್‌ಗೇ ಆಯ್ತು, ನೀನೇನು ಅದಕ್ಕಿಂತ ಕಡ್ಮೇನಾ?"

ಫ್ಯಾಕ್ಟರಿಯವರನ್ನು ಶಿಫ್ಟಿಗೆ ಕರೆದೊಯ್ಯುತ್ತಿದ್ದ ಬಸಲಿಂಗನ ಕಾರಿಗೆ ಜಿಗಣಿ ರಸ್ತೆಯಲ್ಲಿ ಟಿಪ್ಪರ್ ಗುದ್ದಿ, ಕಾರು ಗುಜರಿಗೂ ಕಾಲು ಆಸ್ಪತ್ರೆಗೂ ಹೋಗಿದ್ದವು. ಕಾಲು ಮಾತ್ರ ವಾಪಸ್ ಬಂತು, ಒಳಗೊಂದು ರಾಡು ಹಾಕಿಸಿಕೊಂಡು. ಮೂಳೆ ಕೂಡಿದೆ, ಕಾಲೂರಿ ನಡಿ, ಇಲ್ಲದಿದ್ದರೆ ಕಾಲು ಸೊರಗಿ ಜೀವಮಾನವಿಡೀ ವಾಕರೇ ಗತಿ ಎಂದು ಡಾಕ್ಟರು ಎಕ್ಸ್‌ರೇ ತೋರಿಸಿ ಹೇಳಿದ್ದರು. ಮೂಳೆಯೇನೋ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ಬಾಗಲಕೋಟೆ ಬಿಟ್ಟು ಬಂದು ಬೊಮ್ಮಸಂದ್ರದಲ್ಲಿ ಕಾಲೂರಿದ್ದ ಗಂಡು, ಈಗ ಒಲೆಯಿಂದ ಹಾಸಿಗೆಗೆ ಹೋಗುವಾಗಲೂ ಕಾಲೂರಲು ಹೆದರುತ್ತಿದ್ದ. ಟಿಪ್ಪರ್ ಗುದ್ದಿದಾಗ ಕೇಳಿದ್ದ 'ಲಟಕ್' ಇನ್ನೂ ಕಿವಿಯಲ್ಲೇ ಬಾಡಿಗೆಗಿತ್ತು. ಎಡಗಾಲು ಓವರ್‌ಟೈಮ್ ದುಡಿಯುತ್ತಿತ್ತು. ಬಲಗಾಲು ಡ್ಯೂಟಿಗೆ ಕರೆ ಬಂದರೂ ರಜೆ ಮುಂದುವರಿಸುತ್ತಲೇ ಇತ್ತು. ಹೆಂಡತಿ ಮಹಾದೇವಿ ಬೈದು ನೋಡಿದ್ದಳು, ಅತ್ತು ನೋಡಿದ್ದಳು, ಈಗ ಸುಮ್ಮನೆ ನೋಡುತ್ತಿದ್ದಳು.

ಅಶ್ವತ್ಥಮ್ಮ ಮೊಣಕಾಲ ಕೆಳಗಿನ ಹೊಲಿಗೆಯ ಗುರುತಿಗೆ ಅರಿಶಿನ ಕುಂಕುಮ ಹಚ್ಚಿದಳು. ಊದುಬತ್ತಿ ಬೆಳಗಿ, ತಟ್ಟೆಯಲ್ಲಿ ಕರ್ಪೂರ ಹಚ್ಚಿದಳು. ಆಮೇಲೆ ಒಂದು ನಿಂಬೆಹಣ್ಣು ತೆಗೆದು ನೇತಾಡುತ್ತಿದ್ದ ಬಲಗಾಲಿನ ಕೆಳಗಿಟ್ಟಳು. "ತುಳಿ."

ಬಸಲಿಂಗನ ಮುಖದ ಬಣ್ಣ ನಿಂಬೆಹಣ್ಣಿಗೇ ಸಾಟಿಯಾಯಿತು. "ಆಗಂಗಿಲ್ರಿ. ಮುರಿದ್ರ?"

"ಮನಷ್ಯಾರು ನಿಂಬಿಹಣ್ಣ ತುಳೀಬಾರ್ದಲ್ರಿ ಅಮ್ಮಾರ," ಮಹಾದೇವಿಯೂ ಅಂಜಿದಳು.

"ಮನುಸ್ರು ತುಳೀಬಾರ್ದು ಕಣವ್ವಾ, ಗಾಡಿ ತುಳೀಬೇಕು. ಇವ್ನು ಅರ್ಧ ಗಾಡಿನೇ." ಅಶ್ವತ್ಥಮ್ಮ ನಿಟ್ಟುಸಿರು ಬಿಟ್ಟು ಹಣ್ಣನ್ನು ಎಡಗಾಲಿನ ಮುಂದಕ್ಕೆ ಸರಿಸಿದಳು. "ಓಗ್ಲಿ ಬಿಡಪ್ಪಾ. ಎಡಗಾಲಲ್ಲೇ ತುಳಿ. ನಂಗೇನು, ಹಣ್ಣು ಒಡೀಬೇಕು ಅಷ್ಟೆ."

ಬಸಲಿಂಗನಿಗೆ ಹೋದ ಜೀವ ಬಂದಂತಾಯಿತು. "ಹಂಗನ್ರಿ! ಎಡಗಾಲಿಗೇನಾಗೇತಿ, ಕಲ್ಲು ಕಲ್ಲು ಇದ್ದಂಗೈತಿ."

"ಬೇಗ ಮಾಡಣ್ಣ, ಕರ್ಪೂರ ಆರೋಯ್ತದೆ!" ಟ್ಯಾಂಕರಿನ ಮೇಲಿಂದ ಲೋಕೇಶ ಹಾರ್ನ್ ಒತ್ತಿದ. "ಹಿಂದೆ ನಮ್ ಗಾಡಿಗಳೆಲ್ಲಾ ಕ್ಯೂ ನಿಂತವೆ. ಇಲ್ಲೂ ಟ್ರಾಫಿಕ್ ಜಾಮಾ ಗುರು?"

ಅಶ್ವತ್ಥಮ್ಮ ತಟ್ಟೆ ಎತ್ತಿ ಹಿಡಿದಳು. ಆರುತ್ತಿದ್ದ ಕರ್ಪೂರದ ಮೇಲೆ ಬಸಲಿಂಗ ಎರಡೂ ಕೈ ಆಡಿಸಿದ, ಅಂಗೈಗಳನ್ನು ಕಣ್ಣಿಗೊತ್ತಿಕೊಂಡ, ಅದೇ ಅವಸರದಲ್ಲಿ ಎಡಗಾಲನ್ನೆತ್ತಿ ದೊಪ್ಪನೆ ತುಳಿದ.

ಪಚಕ್.

ರಸ ಗ್ರೈಂಡರಿನವರೆಗೆ ಸಿಡಿಯಿತು. "ಹೆಂಗ!" ಎಂದು ಬಸಲಿಂಗ ಕಣ್ಣು ಬಿಟ್ಟರೆ, ಎಲ್ಲರೂ ಅವನನ್ನೇ ನೋಡುತ್ತಿದ್ದರು. ಲೋಕೇಶನೂ ಹಾರ್ನ್ ಬಿಟ್ಟು ಇಣುಕಿದ್ದ. ಮಹಾದೇವಿ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಿದ್ದಳು. ಅವಳು ನೋಡುತ್ತಿದ್ದದ್ದು ಒಡೆದ ಹಣ್ಣನ್ನಲ್ಲ.

"ಯಾಕ್ರಿ, ಎಲ್ಲಾರೂ ಹಿಂಗ್ಯಾಕ ನೋಡಾಕತ್ತೀರಿ?"

ಅಶ್ವತ್ಥಮ್ಮ ಸೊಂಟ ಹಿಡಿದುಕೊಂಡು ಎದ್ದು, ತಟ್ಟೆಯೊಂದಿಗೆ ಟ್ಯಾಂಕರಿನ ಕಡೆ ಹೊರಟಳು.

"ಎಡಗಾಲು ಮ್ಯಾಲಿತ್ತು, ಕೈಯೆರಡೂ ಕಣ್ಮ್ಯಾಲಿತ್ತು," ಎಂದಳು ತಿರುಗಿ ನೋಡದೆ. "ಆಗ ನಿನ್ನ ಒತ್ಕೊಂಡು ನಿಂತಿದ್ದು ಯಾರ್ಲಾ, ನಮ್ಮಪ್ಪನಾ?"

ಬಸಲಿಂಗ ಬಗ್ಗಿ ನೋಡಿದ. ಬಲಗಾಲಿನ ಐದೂ ಬೆರಳುಗಳು, ಅವನನ್ನು ಒಂದು ಮಾತೂ ಕೇಳದೆ, ಅಂಗಳದ ಸಿಮೆಂಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು.